ಅಂಕಿಯ ಜತೆ ಅಳತೆಗೋಲನ್ನೂ ಅಚ್ಚು ಹಾಕಿ

ಸಂಪಾದಕರಿಗೆ,

ಮಾನ್ಯರೇ,

ಕನ್ನಡ ಪತ್ರಿಕೆಗಳ ಕ್ರೀಡಾಪುಟದಲ್ಲಿ ಈಗೀಗ ಎಂಎಂಎ (ಮಿಕ್ಸ್ಡ್ ಮಾರ್ಷಲ್ ಆರ್ಟ್ಸ್, ಅಂದರೆ ಗುದ್ದು, ಒದೆತ, ಕುಸ್ತಿ ಎಲ್ಲ ಸೇರಿದ ಕಾದಾಟದ ಆಟ) ಸುದ್ದಿಗೂ ಜಾಗ ಸಿಗುತ್ತಿದೆ. ಅದು ಸಂತೋಷದ ಸಂಗತಿ. ಆ ಸುದ್ದಿಯ ಕೊನೆಯಲ್ಲಿ ಸಾಮಾನ್ಯವಾಗಿ ಬೆರಗು ಹುಟ್ಟಿಸುವ ಒಂದು ಅಂಕಿ ಇರುತ್ತದೆ: 5 ಸೆಕೆಂಡ್‌ನಲ್ಲಿ ನಾಕೌಟ್, ಒಂದೇ ಪಂದ್ಯದಲ್ಲಿ 445 ಹೊಡೆತ, ಸೋಲೇ ಇಲ್ಲದ 29 ಗೆಲುವು. ಅಂಕಿ ಸರಿಯಾಗಿಯೇ ಇರುತ್ತದೆ. ಆದರೆ ಅದನ್ನು ಯಾವ ನಿಯಮದಡಿ ಎಣಿಸಿದರು, ಹೇಗೆ ಎಣಿಸಿದರು ಎಂಬುದು ಇರುವುದಿಲ್ಲ. ಕ್ರಿಕೆಟ್‌ನಲ್ಲಿ ಶತಕ ಬಂದರೆ ಅದು ಟೆಸ್ಟೋ, ಏಕದಿನವೋ, ಟಿ20ಯೋ ಎಂದು ಹೇಳದೆ ಯಾವ ವರದಿಗಾರರೂ ಬಿಡುವುದಿಲ್ಲ. ಎಂಎಂಎಗೂ ಅದೇ ಕಟ್ಟುನಿಟ್ಟು ಬೇಕು ಎಂಬುದು ನಮ್ಮ ಕೋರಿಕೆ. ಏಕೆ ಬೇಕು ಎಂಬುದನ್ನು ಕೆಲವು ದಾಖಲೆಗಳನ್ನೇ ಬಿಡಿಸಿ ತೋರಿಸುತ್ತೇವೆ.

ಮೊದಲು ಆ 5 ಸೆಕೆಂಡ್. 2019ರ ಜುಲೈ 6ರಂದು ಲಾಸ್ ವೇಗಸ್‌ನಲ್ಲಿ ನಡೆದ ಯುಎಫ್‌ಸಿ 239ರಲ್ಲಿ (ಯುಎಫ್‌ಸಿ ಎಂಬ ಅಮೆರಿಕದ ಎಂಎಂಎ ಸಂಸ್ಥೆಯ 239ನೇ ಸಂಖ್ಯೆಯ ಕೂಟ) ಹೋರ್ಹೆ ಮಾಸ್ವಿಡಾಲ್ ಅವರು ಬೆನ್ ಆಸ್ಕ್ರೆನ್ ಅವರನ್ನು ಕೆಡವಿದ ಸಮಯ ಅದು. ಆಸ್ಕ್ರೆನ್ 2008ರ ಬೀಜಿಂಗ್ ಒಲಿಂಪಿಕ್ಸ್‌ನ ಕುಸ್ತಿಪಟು. ಅಲ್ಲಿಯವರೆಗೆ 19 ಗೆಲುವು ಕಂಡಿದ್ದರು, ಒಂದು ಪಂದ್ಯದ ಫಲಿತಾಂಶ ರದ್ದಾಗಿತ್ತು, ಸೋಲು ಇರಲಿಲ್ಲ. ಪಂದ್ಯ ಶುರುವಾದಾಗ ಮಾಸ್ವಿಡಾಲ್ ಅವಸರವೇ ಇಲ್ಲದವರಂತೆ ಪಕ್ಕಕ್ಕೆ ಎರಡು ಹೆಜ್ಜೆ ಹಾಕಿ, ಒಮ್ಮೆಲೇ ಓಡಿ ಬಂದು ಮೊಣಕಾಲು ಮುಂದೆ ಮಾಡಿ ಹಾರಿದರು. ಎದುರಾಳಿ ಮೈಮೇಲೆ ಬಂದಾಗ ಬಗ್ಗಿ ಕಾಲಿಗೆ ಕೈ ಹಾಕುವುದು ಕುಸ್ತಿಯವರಿಗೆ ಮೈಗೂಡಿದ ಅಭ್ಯಾಸ. ಆಸ್ಕ್ರೆನ್ ಬಗ್ಗಿದರು. ಕೆಳಗಿಳಿಯುತ್ತಿದ್ದ ತಲೆ, ಮೇಲೇರುತ್ತಿದ್ದ ಮೊಣಕಾಲು ಎರಡರ ವೇಗವೂ ಕೂಡಿ ಒಂದೇ ಏಟಾಯಿತು. ಅವರು ನೆಲಕ್ಕೆ ಬಿದ್ದ ಮೇಲೆ ರೆಫರಿ ನಡುವೆ ಬರುವಷ್ಟರಲ್ಲಿ ಇನ್ನೆರಡು ಗುದ್ದುಗಳೂ ಬಿದ್ದಿದ್ದವು. ಅವೂ ಆ 5 ಸೆಕೆಂಡ್‌ನೊಳಗೇ ಸೇರಿವೆ. ಗರಡಿಯಲ್ಲಿ ಎದುರಾಳಿಯ ಕಾಲಿಗೆ ಬೀಳುವ ಪೈಲ್ವಾನನ ತಲೆಗೆ ಇಂಥ ಅಪಾಯವಿಲ್ಲ, ಏಕೆಂದರೆ ಅಲ್ಲಿ ಮೊಣಕಾಲಿನಿಂದ ಹೊಡೆಯುವಂತಿಲ್ಲ. ಹಾಗಾಗಿ ಎಂಎಂಎಯಲ್ಲಿ ಮೊದಲು ಕೈ ಬೀಸಿ ಎದುರಾಳಿಯ ಗಮನ ಮೇಲಕ್ಕೆ ಸೆಳೆದು, ಆಮೇಲಷ್ಟೇ ಬಗ್ಗಬೇಕು ಎಂದು ಕಲಿಸುತ್ತಾರೆ.

ಇದಕ್ಕಿಂತ ಹಿಂದಿನ ದಾಖಲೆಯ ಕಥೆ ಗಡಿಯಾರದ್ದು. 2006ರ ಜನವರಿ 16ರಂದು ಡ್ವೇನ್ ಲಡ್ವಿಗ್ ಅವರು ಜೊನಾಥನ್ ಗೂಲೆ ಅವರನ್ನು ನಾಕೌಟ್ ಮಾಡಿದಾಗ ಅಧಿಕೃತವಾಗಿ ಬರೆದುಕೊಂಡ ಸಮಯ 11 ಸೆಕೆಂಡ್. ವಿಡಿಯೊ ನೋಡಿ ಎಣಿಸಿದವರಿಗೆಲ್ಲ ಅದು ತಪ್ಪು ಎಂದು ತಿಳಿಯುತ್ತಿತ್ತು. ಆರು ವರ್ಷ ಕಳೆದ ಮೇಲೆ, 2012ರಲ್ಲಿ, ಯುಎಫ್‌ಸಿ ಅದನ್ನು 6 ಸೆಕೆಂಡ್ ಎಂದು ಒಪ್ಪಿಕೊಂಡಿತು. ಅಷ್ಟು ದಿನ 7 ಸೆಕೆಂಡ್‌ನ ಗೆಲುವುಗಳೇ ದಾಖಲೆ ಎನಿಸಿಕೊಂಡಿದ್ದವು. ಹಳೆಯ ಪತ್ರಿಕೆಯಲ್ಲಿ ಒಂದು ಅಂಕಿ, ಹೊಸದರಲ್ಲಿ ಇನ್ನೊಂದು ಕಂಡರೆ ಅದು ಅಚ್ಚಿನ ದೋಷವೇ ಆಗಿರಬೇಕಿಲ್ಲ.

ಹಾಗೆ 7 ಸೆಕೆಂಡ್‌ನಲ್ಲಿ ಗೆದ್ದವರಲ್ಲಿ ಒಬ್ಬರು ದಕ್ಷಿಣ ಕೊರಿಯಾದ ಚಾನ್ ಸಂಗ್ ಜಂಗ್, ಅಭಿಮಾನಿಗಳ ಬಾಯಲ್ಲಿ ‘ಕೊರಿಯನ್ ಜೋಂಬಿ’. 2011ರ ಡಿಸೆಂಬರ್ 10ರಂದು ಟೊರಾಂಟೊದಲ್ಲಿ ಮಾರ್ಕ್ ಹೊಮಿನಿಕ್ ಮೊದಲ ಹೊಡೆತವನ್ನೇ ಅಗಲವಾಗಿ ಬೀಸಿ ಗುರಿ ತಪ್ಪಿದರು. ಜಂಗ್ ಅವರ ಬಲಗೈ ನೇರವಾಗಿ ಹೋಗಿ ತಾಗಿತು. ಇದೇ ಜಂಗ್ 2018ರ ನವೆಂಬರ್ 10ರಂದು ಡೆನ್ವರ್‌ನಲ್ಲಿ ಯಾಯಿರ್ ರೊಡ್ರಿಗೆಸ್ ಅವರೊಂದಿಗೆ ಐದು ರೌಂಡ್ ಕಾದಾಡಿದರು. ಕೊನೆಯ ರೌಂಡಿನ ಕೊನೆಯ ಕ್ಷಣಗಳಲ್ಲಿ ಮುನ್ನುಗ್ಗಿದ ಜಂಗ್ ಅವರ ಗದ್ದಕ್ಕೆ, ತಲೆ ತಗ್ಗಿಸಿ ಬಾಗಿದ್ದ ರೊಡ್ರಿಗೆಸ್ ಅವರ ಮೊಣಕೈ ಕೆಳಗಿನಿಂದ ಹಿಮ್ಮುಖವಾಗಿ ಎದ್ದು ಬಡಿಯಿತು. ಸಮಯ 4 ನಿಮಿಷ 59 ಸೆಕೆಂಡ್. ಪೂರ್ತಿ 25 ನಿಮಿಷದ ಪಂದ್ಯದಲ್ಲಿ ಉಳಿದಿದ್ದದ್ದು ಒಂದೇ ಸೆಕೆಂಡ್. ಅತಿ ಬೇಗ ಗೆದ್ದವರ ಸಾಲಿನಲ್ಲೂ ಅತಿ ತಡವಾಗಿ ನಾಕೌಟ್ ಆದವರ ಸಾಲಿನಲ್ಲೂ ಒಬ್ಬರದೇ ಹೆಸರು.

ಐದನೇ ರೌಂಡಿನ 4:59ಕ್ಕೆ ಮುಗಿದ ಪಂದ್ಯ ಅದೊಂದೇ ಅಲ್ಲ. 2015ರ ಏಪ್ರಿಲ್ 25ರಂದು ಮಾಂಟ್ರಿಯಲ್‌ನಲ್ಲಿ ಡಿಮಿಟ್ರಿಯಸ್ ಜಾನ್ಸನ್ ಅವರು ಜಪಾನಿನ ಕ್ಯೋಜಿ ಹೊರಿಗುಚಿಯವರ ತೋಳನ್ನು ಆರ್ಮ್‌ಬಾರ್ ಪಟ್ಟಿನಲ್ಲಿ ಸಿಕ್ಕಿಸಿ ಸೋಲೊಪ್ಪಿಸಿದ್ದು ಇದೇ ಗಳಿಗೆಗೆ. 2024ರ ಏಪ್ರಿಲ್ 13ರ ಯುಎಫ್‌ಸಿ 300ರಲ್ಲಿ ಮ್ಯಾಕ್ಸ್ ಹಾಲೊವೇ ಅವರು ಜಸ್ಟಿನ್ ಗೇಚಿಯವರನ್ನು ಕೆಡವಿದ್ದೂ ಇದೇ ಗಳಿಗೆಗೆ. ಹಾಲೊವೇ ಆಗಲೇ ಮುಂದಿದ್ದರು. ಸುಮ್ಮನೆ ಹಿಂದೆ ಸರಿದು ಕಾಲ ಕಳೆದಿದ್ದರೂ ಗೆಲುವು ಅವರದೇ ಆಗುತ್ತಿತ್ತು. ಕೊನೆಯ ಹತ್ತು ಸೆಕೆಂಡ್ ಉಳಿದಾಗ ಅವರು ಪಂಜರದ (ಸುತ್ತ ಬಲೆ ಕಟ್ಟಿದ ಅಖಾಡದ) ನಡುಭಾಗಕ್ಕೆ ಬಂದು ನೆಲದತ್ತ ಬೆರಳು ತೋರಿಸಿ, ಇಲ್ಲೇ ನಿಂತು ಹೊಡೆದಾಡೋಣ ಎಂದು ಕರೆದರು. ಗೇಚಿ ಒಪ್ಪಿ ಬಂದರು. ಅಂಕಪಟ್ಟಿಯಲ್ಲಿ ಇದು ‘5ನೇ ರೌಂಡ್, 4:59’ ಎಂಬ ಒಂದು ಸಾಲು ಮಾತ್ರ. ಆ ಬೆರಳಿನ ಸನ್ನೆಯನ್ನು ವರದಿಯಲ್ಲಿ ಬರೆದರಷ್ಟೇ ಓದುಗರಿಗೆ ಅದರ ಬೆಲೆ ತಿಳಿದೀತು.

ಇನ್ನು 1993ರ ನವೆಂಬರ್ 12ಕ್ಕೆ ಹೋಗಿ. ಅದೇ ಡೆನ್ವರ್‌ನಲ್ಲಿ ಮೊದಲ ಯುಎಫ್‌ಸಿ ಕೂಟ ನಡೆಯಿತು. ತೂಕದ ವಿಭಾಗಗಳಿರಲಿಲ್ಲ, ಅಂಕ ಕೊಡುವ ತೀರ್ಪುಗಾರರಿರಲಿಲ್ಲ. ಬ್ರೆಜಿಲ್‌ನ ರೋಯ್ಸ್ ಗ್ರೇಸಿ ಒಂದೇ ರಾತ್ರಿ ಮೂರು ಪಂದ್ಯ ಆಡಿ ಗೆದ್ದರು. ಒಂದೇ ಕೈಗೆ ಬಾಕ್ಸಿಂಗ್ ಗ್ಲೌಸ್ ಹಾಕಿ ಬಂದಿದ್ದ ಆರ್ಟ್ ಜಿಮ್ಮರ್ಸನ್ ವಿರುದ್ಧ 2:18, ಕೆನ್ ಶಾಮ್ರಾಕ್ ವಿರುದ್ಧ 0:57, ಫೈನಲ್‌ನಲ್ಲಿ ಜೆರಾರ್ಡ್ ಗೊರ್ಡೊ ವಿರುದ್ಧ 1:44. ಕೂಡಿಸಿ ನೋಡಿ: 4 ನಿಮಿಷ 59 ಸೆಕೆಂಡ್. ಇಂದಿನ ಒಂದು ರೌಂಡಿಗಿಂತ ಒಂದು ಸೆಕೆಂಡ್ ಕಡಿಮೆ ಅವಧಿಯಲ್ಲಿ ಒಂದು ಇಡೀ ಪ್ರಶಸ್ತಿ.

ಅದೇ ಗ್ರೇಸಿ 2000ದ ಮೇ 1ರಂದು ಟೋಕಿಯೊ ಡೋಮ್‌ನಲ್ಲಿ, ಪ್ರೈಡ್ ಎಂಬ ಜಪಾನಿ ಸಂಸ್ಥೆಯ ಕೂಟದಲ್ಲಿ, ಕಜುಶಿ ಸಕುರಾಬಾ ವಿರುದ್ಧ 90 ನಿಮಿಷ ಹೋರಾಡಿದರು. 15 ನಿಮಿಷದ ಆರು ರೌಂಡ್. ಕೊನೆಗೆ ಗ್ರೇಸಿ ಕಡೆಯವರೇ ಟವೆಲ್ ಎಸೆದು ಸೋಲೊಪ್ಪಿದರು. ಸಕುರಾಬಾ ಅದೇ ರಾತ್ರಿ ಮತ್ತೆ ಅಖಾಡಕ್ಕಿಳಿದು, ತಮಗಿಂತ ಭಾರವಾದ ಇಗೊರ್ ವೊವ್ಚಾಂಚಿನ್ ವಿರುದ್ಧ ಇನ್ನೂ 15 ನಿಮಿಷ ಸೆಣಸಿದರು. ಅತಿ ದೀರ್ಘ ಪಂದ್ಯಗಳ ಮಾತು ಬಂದಾಗ ಈ 90 ನಿಮಿಷವನ್ನು ಬರೆಯುವವರು ಒಂದು ವಾಕ್ಯ ಸೇರಿಸಬೇಕು: ರೌಂಡುಗಳಿಗೆ ಮಿತಿ ಇರಬಾರದು ಎಂಬ ವಿಶೇಷ ನಿಯಮದ ಮೇಲೆ ನಡೆದ ಪಂದ್ಯ ಅದು. ಯುಎಫ್‌ಸಿ ಪಾಲಿಸುವ ಇಂದಿನ ಏಕೀಕೃತ ನಿಯಮದಲ್ಲಿ ಸಾಮಾನ್ಯ ಪಂದ್ಯ 5 ನಿಮಿಷದ ಮೂರು ರೌಂಡ್, ಪಟ್ಟದ ಪಂದ್ಯ ಮತ್ತು ಕೂಟದ ಮುಖ್ಯ ಪಂದ್ಯ ಐದು ರೌಂಡ್. 25 ನಿಮಿಷ ದಾಟುವಂತೆಯೇ ಇಲ್ಲ. ಇಂದಿನ ಆಟಗಾರರು ಎಷ್ಟೇ ದಮ್ಮು ಇದ್ದವರಾದರೂ ಆ ದಾಖಲೆ ಅವರ ಕೈಗೆಟುಕುವಂಥದ್ದಲ್ಲ.

ಹೊಡೆತದ ಲೆಕ್ಕದಲ್ಲಿ ಗೊಂದಲ ಇನ್ನೂ ಹೆಚ್ಚು. 2021ರ ಜನವರಿ 16ರಂದು ಅಬುಧಾಬಿಯಲ್ಲಿ ಹಾಲೊವೇ ಅವರು ಕ್ಯಾಲ್ವಿನ್ ಕೇಟರ್‌ಗೆ 445 ಹೊಡೆತ ತಾಗಿಸಿದರು ಎಂದು ಬರೆಯುತ್ತಾರೆ. ಸರಿಯಾದ ಮಾತು ‘445 ಗಣನೀಯ ಹೊಡೆತ’. ಯುಎಫ್‌ಸಿಯ ಲೆಕ್ಕದಲ್ಲಿ ಇಬ್ಬರೂ ದೂರ ನಿಂತು ಹೊಡೆದಾಡುವಾಗ ತಾಗಿದ ಎಲ್ಲ ಏಟುಗಳೂ ಗಣನೀಯ. ಒಬ್ಬರನ್ನೊಬ್ಬರು ತಬ್ಬಿ ಹಿಡಿದಾಗ ಅಥವಾ ನೆಲದ ಮೇಲಿದ್ದಾಗ ಬಲವಾಗಿ ಬಿದ್ದ ಏಟು ಮಾತ್ರ ಗಣನೀಯ. ಸಣ್ಣ ತಟ್ಟುಗಳು ಒಟ್ಟು ಲೆಕ್ಕಕ್ಕೆ ಮಾತ್ರ ಹೋಗುತ್ತವೆ. ಹಾಲೊವೇ ಬೀಸಿದ್ದು 744, ತಾಗಿದ್ದು 445, ಅಂದರೆ ನೂರಕ್ಕೆ ಸುಮಾರು 60. ಅವಧಿ 1500 ಸೆಕೆಂಡ್. ಸರಾಸರಿ ಸುಮಾರು ಮೂರೂವರೆ ಸೆಕೆಂಡ್‌ಗೆ ಒಂದು ಏಟು, ಅದೂ 25 ನಿಮಿಷ ಎಡೆಬಿಡದೆ. ಅದಕ್ಕೂ ಮೊದಲಿನ ದಾಖಲೆ 290, ಅದೂ ಅವರದೇ, 2018ರಲ್ಲಿ ಬ್ರಯಾನ್ ಒರ್ಟೆಗಾ ವಿರುದ್ಧ. ಕೇಟರ್ ಪಂದ್ಯದಲ್ಲಿ ತೀರ್ಪುಗಾರರು ಕೊಟ್ಟ ಅಂಕ 50-43, 50-43, 50-42. ರೌಂಡ್ ಗೆದ್ದವರಿಗೆ 10, ಸೋತವರಿಗೆ ಸಾಮಾನ್ಯವಾಗಿ 9 ಕೊಡುವ ಪದ್ಧತಿಯಲ್ಲಿ 42 ಎಂಬ ಅಂಕಿ ಕಾಣುವುದೇ ಅಪರೂಪ.

ಇದರ ಪಕ್ಕದಲ್ಲಿ 2010ರ ಆಗಸ್ಟ್ 7ರ ಪಂದ್ಯವನ್ನಿಟ್ಟು ನೋಡಿ. ಓಕ್‌ಲ್ಯಾಂಡ್‌ನಲ್ಲಿ ಚೇಲ್ ಸೊನೆನ್ ಅವರು ಚಾಂಪಿಯನ್ ಆ್ಯಂಡರ್ಸನ್ ಸಿಲ್ವಾ ಅವರನ್ನು ಕೆಳಗೆ ಹಾಕಿಕೊಂಡು ಒಟ್ಟು 320 ಏಟು ಹಾಕಿದರು. ಇದು ‘ಒಟ್ಟು’ ಲೆಕ್ಕ. ಅದರಲ್ಲಿ ಬಹುಪಾಲು ನೆಲದ ಮೇಲಿನ ಸಣ್ಣ ಏಟುಗಳು. ಐದನೇ ರೌಂಡಿನ 3:10ಕ್ಕೆ, ಬೆನ್ನ ಮೇಲೆ ಮಲಗಿದ್ದ ಸಿಲ್ವಾ ಕಾಲುಗಳಿಂದ ಎದುರಾಳಿಯ ಕತ್ತನ್ನೂ ತೋಳನ್ನೂ ಸೇರಿಸಿ ಬಿಗಿದರು. ಸೊನೆನ್ ಕೈ ತಟ್ಟಿ ಸೋಲೊಪ್ಪಿದರು. ಇನ್ನು 1 ನಿಮಿಷ 50 ಸೆಕೆಂಡ್ ತಡೆದಿದ್ದರೆ ಪಟ್ಟ ಅವರದಾಗುತ್ತಿತ್ತು. 445 ಮತ್ತು 320ನ್ನು ಒಂದೇ ಪಟ್ಟಿಯಲ್ಲಿ ಮೇಲೆ ಕೆಳಗೆ ಅಚ್ಚು ಹಾಕಿದರೆ ಓದುಗರಿಗೆ ತಪ್ಪು ಚಿತ್ರ ಸಿಗುತ್ತದೆ. ಒಂದು ಗಣನೀಯ, ಇನ್ನೊಂದು ಒಟ್ಟು. ರಾಗಿಯನ್ನು ಸೇರಿನಲ್ಲಿ ಅಳೆದು ಅಕ್ಕಿಯನ್ನು ಕೆಜಿಯಲ್ಲಿ ತೂಗಿ ಹೋಲಿಸಿದ ಹಾಗೆ.

ಒಂದೂ ಹೊಡೆತ ಬೀಸದೆ ಗೆದ್ದ ದಾಖಲೆಯೂ ಇದೆ. ಅದು ನೋವಿನ ದಾಖಲೆ. 2013ರ ಡಿಸೆಂಬರ್ 28ರಂದು ಸಿಲ್ವಾ ಒದ್ದ ಎಡಗಾಲನ್ನು ಕ್ರಿಸ್ ವೈಡ್ಮನ್ ಮೊಣಕಾಲೆತ್ತಿ ತಡೆದರು, ಸಿಲ್ವಾ ಕಾಲು ಮುರಿಯಿತು. 2021ರ ಏಪ್ರಿಲ್ 24ರಂದು ಅದೇ ವೈಡ್ಮನ್ ಯುರಾಯಾ ಹಾಲ್ ವಿರುದ್ಧ ಮೊದಲ ಒದೆತಕ್ಕೇ ಬಲಗಾಲು ಮುರಿದುಕೊಂಡರು. ಪಂದ್ಯ 17 ಸೆಕೆಂಡ್‌ಗೆ ಮುಗಿಯಿತು. ಹಾಲ್ ಖಾತೆಗೆ ತಾಂತ್ರಿಕ ನಾಕೌಟ್ ಗೆಲುವು, ಬೀಸಿದ ಹೊಡೆತ ಸೊನ್ನೆ. ಎರಡೂ ಸಲ ಆದದ್ದು ಒಂದೇ. ಒದೆಯುವವರ ಕಣಕಾಲಿನ ಕೆಳಭಾಗದ ಮೂಳೆ ತೆಳು. ತಡೆಯುವವರ ಮೊಣಕಾಲಿನ ಕೆಳಗಿನ ಮೂಳೆ ದಪ್ಪ, ಅಗಲ. ಎದುರಾಳಿಯ ಕಾಲಿಗೆಂದು ಬೀಸಿದ ಒದೆತ ಅಲ್ಲಿಗೆ ಹೋಗಿ ಬಡಿದರೆ ಪೂರ್ತಿ ವೇಗ ತೆಳುಮೂಳೆಯ ಒಂದೇ ಬಿಂದುವಿಗೆ ವಾಪಸ್ ಬರುತ್ತದೆ. ಕೈಯಿಂದ ಮೊದಲು ಎದುರಾಳಿಯನ್ನು ಕೆಣಕದೆ ಬರಿಯ ಒದೆತ ಬೀಸಿದರೆ ಅವರಿಗೆ ಕಾಲೆತ್ತಲು ಸಮಯ ಸಿಗುತ್ತದೆ. ಅಪಾಯ ಇರುವುದು ಅಲ್ಲಿ. ಎಳೆಯರು ಈ ವಿಡಿಯೊಗಳನ್ನು ನೋಡಿ ಗ್ಯಾರೇಜು, ಟೆರೇಸುಗಳಲ್ಲಿ ಒದೆತ ಅಭ್ಯಾಸ ಮಾಡುವ ಕಾಲವಿದು. ‘17 ಸೆಕೆಂಡ್ ದಾಖಲೆ’ ಎಂದು ಬರೆಯುವವರು ಈ ಎರಡು ಸಾಲನ್ನೂ ಬರೆದರೆ ಉಪಕಾರವಾದೀತು.

ಕುಸ್ತಿ ಬಲ್ಲ ನಮ್ಮ ಓದುಗರಿಗೆ ಹೆಚ್ಚು ಹತ್ತಿರವಾಗುವ ಅಂಕಿ ಟೇಕ್‌ಡೌನ್‌ನದು. 2013ರ ಮೇ 25ರಂದು ರಷ್ಯಾದ ದಾಗೆಸ್ತಾನದ ಹಬೀಬ್ ನುರ್ಮಗೊಮೆದೊವ್ ಅವರು ಏಬೆಲ್ ಟ್ರುಹಿಯೊ ಅವರನ್ನು 15 ನಿಮಿಷದಲ್ಲಿ 21 ಸಲ ನೆಲಕ್ಕೆ ಹಾಕಿದರು, ಪ್ರಯತ್ನ 27. ಮೈಸೂರು ದಸರಾ ಕುಸ್ತಿಯಲ್ಲಿ ಎದುರಾಳಿ ಚಿತ್ ಆದರೆ ಪಂದ್ಯ ಮುಗಿಯಿತು. ಇಲ್ಲಿ ಬೆನ್ನು ನೆಲಕ್ಕೆ ತಾಗಿದ್ದು ಸೋಲಲ್ಲ. ಸಿಲ್ವಾ ಗೆದ್ದದ್ದೇ ಬೆನ್ನ ಮೇಲೆ ಮಲಗಿ. 21 ಎಂಬ ಅಂಕಿಯಲ್ಲಿ ಹಬೀಬ್ ಅವರ ಬಲದಷ್ಟೇ ಟ್ರುಹಿಯೊ ಅವರ ಛಲವೂ ಇದೆ. ಬಿದ್ದವರು ಬಿದ್ದಲ್ಲೇ ಇದ್ದಿದ್ದರೆ ರೌಂಡಿಗೆ ಒಂದರಂತೆ ಮೂರೇ ಲೆಕ್ಕವಾಗುತ್ತಿತ್ತು. ಪ್ರತಿ ಸಲ ಎದ್ದರು, ಪ್ರತಿ ಸಲ ಮತ್ತೆ ಬಿದ್ದರು. ಅಂದಹಾಗೆ ಆ ಪಂದ್ಯಕ್ಕೆ ಹಬೀಬ್ ತೂಕ ಇಳಿಸಲಾಗದೆ ಮಿತಿ ಮೀರಿ ಬಂದಿದ್ದರು, ಒಪ್ಪಂದದ ತೂಕದಲ್ಲಿ ಪಂದ್ಯ ನಡೆಯಿತು. ಅವರ ಒಟ್ಟು ದಾಖಲೆಯನ್ನು 29-0 (29 ಗೆಲುವು, ಸೋಲಿಲ್ಲ) ಎಂದು ಬರೆಯುವಾಗ ಈ ಸಂಗತಿ ಯಾರಿಗೂ ನೆನಪಾಗುವುದಿಲ್ಲ.

ತೂಕದ ಲೆಕ್ಕದಲ್ಲಿ ಅತಿ ಕಹಿಯಾದದ್ದು ಚಾರ್ಲ್ಸ್ ಒಲಿವೇರಾ ಅವರದು. ಯುಎಫ್‌ಸಿಯಲ್ಲಿ ಅತಿ ಹೆಚ್ಚು ಸಬ್ಮಿಷನ್ (ಪಟ್ಟು ಹಾಕಿ ಸೋಲೊಪ್ಪಿಸುವ) ಗೆಲುವು ಇವರ ಹೆಸರಿನಲ್ಲಿದೆ. ಸಾಮಾನ್ಯ ಪಂದ್ಯದಲ್ಲಿ ಮಿತಿಗಿಂತ ಒಂದು ಪೌಂಡ್ ಹೆಚ್ಚಿದ್ದರೂ ನಡೆಯುತ್ತದೆ, ಪಟ್ಟದ ಪಂದ್ಯದಲ್ಲಿ ಆ ರಿಯಾಯಿತಿ ಇಲ್ಲ. 2022ರ ಮೇ ತಿಂಗಳಲ್ಲಿ ಫೀನಿಕ್ಸ್‌ನಲ್ಲಿ 155 ಪೌಂಡ್‌ಗೆ, ಅಂದರೆ 70.3 ಕೆಜಿಗೆ, ಬರಬೇಕಿದ್ದ ಚಾಂಪಿಯನ್ ಒಲಿವೇರಾ 155.5 ತೂಗಿದರು. ಇನ್ನೊಂದು ಗಂಟೆ ಕೊಟ್ಟರೂ ಅರ್ಧ ಪೌಂಡ್ ಇಳಿಯಲಿಲ್ಲ. ಸುಮಾರು 227 ಗ್ರಾಂ, ಒಂದು ಲೋಟ ನೀರಿನಷ್ಟು ಭಾರ. ಪಂಜರದೊಳಗೆ ಕಾಲಿಡುವ ಮೊದಲೇ ತಕ್ಕಡಿಯ ಮೇಲೆ ಪಟ್ಟ ಹೋಯಿತು. ಮರುದಿನ ಗೇಚಿಯವರನ್ನು ಮೊದಲ ರೌಂಡಿನಲ್ಲೇ ಕತ್ತು ಬಿಗಿದು ಸೋಲಿಸಿದರು. ದಾಖಲೆ ಪುಸ್ತಕದಲ್ಲಿ ಗೆಲುವಿದೆ, ಪಟ್ಟ ಉಳಿಸಿಕೊಂಡ ಲೆಕ್ಕ ಇಲ್ಲ.

ಕೊನೆಯ ಒಂದೆರಡು ದಿನದಲ್ಲಿ ಬಿಸಿನೀರ ತೊಟ್ಟಿ, ಸೌನಾ, ದಪ್ಪ ಬಟ್ಟೆಗಳಲ್ಲಿ ಬೆವರಿಳಿಸಿ ನೀರಿನ ತೂಕ ಕಳೆಯುವ ಈ ಪದ್ಧತಿ ಜೀವವನ್ನೂ ತೆಗೆದಿದೆ. 2015ರ ಡಿಸೆಂಬರ್‌ನಲ್ಲಿ ಚೀನಾದ ಯಾಂಗ್ ಜಿಯಾನ್ ಬಿಂಗ್ ಮನಿಲಾದಲ್ಲಿ ಪಂದ್ಯಕ್ಕೆ ಮುನ್ನ ತೀರಿಕೊಂಡರು, ವಯಸ್ಸು 21. ಆ ಮೇಲೆ ಸಿಂಗಪುರದ ಒನ್ ಚಾಂಪಿಯನ್‌ಶಿಪ್ ಸಂಸ್ಥೆ ನೀರು ಬತ್ತಿಸಿ ತೂಕ ಇಳಿಸುವುದನ್ನೇ ನಿಷೇಧಿಸಿ, ಮೂತ್ರದ ಸಾಂದ್ರತೆ ಅಳೆಯುವ ಪರೀಕ್ಷೆ ತಂದಿತು. ಆಟಗಾರರು ತಮ್ಮ ಸಹಜ ತೂಕದಲ್ಲಿ ಆಡಬೇಕಾದ್ದರಿಂದ ವಿಭಾಗಗಳ ಹೆಸರು ಅದೇ ಇದ್ದರೂ ಮಿತಿಗಳು ಮೇಲೇರಿದವು. ಯುಎಫ್‌ಸಿಯಲ್ಲಿ ಫ್ಲೈವೇಟ್ ಎಂದರೆ 125 ಪೌಂಡ್, 56.7 ಕೆಜಿ, ಒನ್‌ನಲ್ಲಿ 135 ಪೌಂಡ್, 61.2 ಕೆಜಿ. ಯುಎಫ್‌ಸಿಯಲ್ಲಿ ಸತತ 11 ಬಾರಿ ಪಟ್ಟ ಉಳಿಸಿಕೊಂಡ ಡಿಮಿಟ್ರಿಯಸ್ ಜಾನ್ಸನ್ ಎರಡೂ ಕಡೆ ‘ಫ್ಲೈವೇಟ್ ಚಾಂಪಿಯನ್’ ಆಗಿದ್ದರು. ಎರಡರ ನಡುವೆ ನಾಲ್ಕೂವರೆ ಕೆಜಿ ವ್ಯತ್ಯಾಸವಿದೆ. ವಿಭಾಗದ ಹೆಸರಿನ ಬದಲು ಕೆಜಿಯನ್ನೇ ಬರೆದುಬಿಟ್ಟರೆ ಈ ತೊಡಕೇ ಇರುವುದಿಲ್ಲ.

ಎಲ್ಲ ಅಂಕಿಗೂ ಇಷ್ಟು ವಿವರಣೆ ಬೇಕಿಲ್ಲ ಎಂಬುದೂ ನಿಜ. ರ್‍ಯಾಂಡಿ ಕುಟೂರ್ 43ನೇ ವಯಸ್ಸಿನಲ್ಲಿ ಹೆವಿವೇಟ್ ಪಟ್ಟ ಗೆದ್ದು 45ರವರೆಗೆ ಇಟ್ಟುಕೊಂಡರು. ಜಿಮ್ ಮಿಲ್ಲರ್ ಯುಎಫ್‌ಸಿ 100, 200, 300 ಮೂರರಲ್ಲೂ ಆಡಿದ ಒಬ್ಬರೇ ಆಟಗಾರ. ಇವು ತಾವಾಗಿಯೇ ಅರ್ಥವಾಗುತ್ತವೆ.

ಜಾನ್ ಜೋನ್ಸ್ ಅವರ ಲೆಕ್ಕ ಹಾಗಲ್ಲ. 2011ರಲ್ಲಿ 23ನೇ ವಯಸ್ಸಿಗೆ ಚಾಂಪಿಯನ್ ಆದವರು, ಯುಎಫ್‌ಸಿಯ ಅತಿ ಕಿರಿಯ ಚಾಂಪಿಯನ್. 28 ಗೆಲುವು, 1 ಸೋಲು. ಆ ಒಂದು ಸೋಲು 2009ರ ಡಿಸೆಂಬರ್ 5ರಂದು ಮ್ಯಾಟ್ ಹ್ಯಾಮಿಲ್ ವಿರುದ್ಧ. ಅಂದು ಜೋನ್ಸ್ ಮೇಲುಗೈಯಲ್ಲಿದ್ದರು. ಆದರೆ ಗಡಿಯಾರದ 12ರಿಂದ 6ರತ್ತ ಮುಳ್ಳು ಬಿದ್ದ ಹಾಗೆ, ಮೇಲಿನಿಂದ ನೇರ ಕೆಳಕ್ಕೆ ಮೊಣಕೈ ಇಳಿಸಿದ್ದಕ್ಕೆ ಅನರ್ಹರಾದರು. 2024ರ ನವೆಂಬರ್ 1ರಿಂದ ಆ ನಿಷೇಧವನ್ನೇ ಏಕೀಕೃತ ನಿಯಮದಿಂದ ತೆಗೆದುಹಾಕಲಾಗಿದೆ. ಈಗ ಅದು ನ್ಯಾಯವಾದ ಹೊಡೆತ. ಸೋಲು ಮಾತ್ರ ದಾಖಲೆಯಲ್ಲಿ ಹಾಗೇ ಇದೆ. ಅಂದಿನ ನಿಯಮದ ಪ್ರಕಾರ ತೀರ್ಪು ಸರಿಯೇ ಆಗಿತ್ತು, ಆದ್ದರಿಂದ ಅದು ಉಳಿಯಬೇಕು ಎಂಬುದು ನಮ್ಮ ಅಭಿಪ್ರಾಯ. ಆದರೆ ‘28-1’ ಎಂದಷ್ಟೇ ಬರೆದರೆ ಯಾರೋ ಅವರನ್ನು ಸೋಲಿಸಿದ್ದರು ಎಂದು ಓದುಗರು ತಿಳಿಯುತ್ತಾರೆ. ‘ಅನರ್ಹತೆಯಿಂದ’ ಎಂಬ ಒಂದೇ ಪದ ಸಾಕು.

ಕೊನೆಯದಾಗಿ ನಮ್ಮ ದೇಶದ ಲೆಕ್ಕ. ‘ಯುಎಫ್‌ಸಿಯಲ್ಲಿ ಮೊದಲ ಭಾರತೀಯ’ ಎಂಬ ಮಾತು ಬೇರೆ ಬೇರೆಯವರ ಹೆಸರಿನ ಜತೆ ಅಚ್ಚಾಗುತ್ತದೆ. 2017ರ ನವೆಂಬರ್‌ನಲ್ಲಿ ಶಾಂಘೈನಲ್ಲಿ ಆಡಿ ಸೋತ ಭರತ್ ಖಂಡಾರೆ ಯುಎಫ್‌ಸಿಯಲ್ಲಿ ಕಣಕ್ಕಿಳಿದ ಮೊದಲಿಗರು. ಏಷ್ಯಾ ಮಟ್ಟದ ‘ರೋಡ್ ಟು ಯುಎಫ್‌ಸಿ’ ಟೂರ್ನಿಯ ಫೈನಲ್ ಅನ್ನು 2023ರ ಫೆಬ್ರುವರಿಯಲ್ಲಿ ಗೆದ್ದು ಒಪ್ಪಂದ ಪಡೆದವರು ಅನ್ಶುಲ್ ಜುಬ್ಲಿ. 2024ರ ಜೂನ್ 8ರಂದು ಅಮೆರಿಕದ ಲೂಯಿವಿಲ್‌ನಲ್ಲಿ ರಯಾನೆ ದೊಸ್ ಸಾಂಟೊಸ್ ಅವರನ್ನು ಸೋಲಿಸಿ ಯುಎಫ್‌ಸಿಯಲ್ಲಿ ಗೆದ್ದ ಮೊದಲ ಭಾರತೀಯ ಮಹಿಳೆ ಪೂಜಾ ತೋಮರ್. ಭಾರತೀಯ ಮೂಲದ ಕೆನಡಾದ ಅರ್ಜನ್ ಭುಲ್ಲರ್ 2021ರ ಮೇ ತಿಂಗಳಲ್ಲಿ ಗೆದ್ದ ಹೆವಿವೇಟ್ ಪಟ್ಟ ಯುಎಫ್‌ಸಿಯದಲ್ಲ, ಒನ್ ಸಂಸ್ಥೆಯದು. ನಾಲ್ವರೂ ಮೊದಲಿಗರೇ, ನಾಲ್ಕು ಬೇರೆ ಬೇರೆ ವಿಷಯಗಳಲ್ಲಿ.

ಪೂಜಾ ಅವರ ಗೆಲುವಿನ ಅಂಕಪಟ್ಟಿಯನ್ನು ಪೂರ್ತಿ ಅಚ್ಚು ಹಾಕಬೇಕಿತ್ತು. ಒಬ್ಬ ತೀರ್ಪುಗಾರರು ಮೂರೂ ರೌಂಡುಗಳನ್ನು ಪೂಜಾಗೆ ಕೊಟ್ಟು 30-27 ಎಂದರು. ಇನ್ನೊಬ್ಬರು ಅದೇ ಮೂರು ರೌಂಡುಗಳನ್ನು ಎದುರಾಳಿಗೆ ಕೊಟ್ಟು 27-30 ಎಂದರು. ಮೂರನೆಯವರ 29-28ರಿಂದ ಪಂದ್ಯ ತೀರ್ಮಾನವಾಯಿತು. ಪಂಜರದ ಬೇರೆ ಬೇರೆ ಬದಿಯಲ್ಲಿ ಕೂತವರಿಗೆ ಒಂದೇ 15 ನಿಮಿಷ ಇಷ್ಟು ಬೇರೆಯಾಗಿ ಕಂಡಿತ್ತು.

ಹೀಗಾಗಿ ಮುಂದಿನ ಸಲ ಎಂಎಂಎ ಅಂಕಿ ಬಂದಾಗ ಸಂಸ್ಥೆಯ ಹೆಸರು, ತೂಕ ಕೆಜಿಯಲ್ಲಿ, ಹೊಡೆತ ಒಟ್ಟೋ ಗಣನೀಯವೋ, ಫಲಿತಾಂಶ ಯಾವ ಬಗೆಯದು, ತೀರ್ಪು ಒಮ್ಮತದ್ದಲ್ಲದಿದ್ದರೆ ಮೂವರ ಅಂಕ, ಇಷ್ಟನ್ನು ಸೇರಿಸಿಕೊಡಬೇಕೆಂದು ಕೋರುತ್ತೇವೆ. ಎಲ್ಲ ಸೇರಿ ಎರಡು ಸಾಲಿನ ಜಾಗ.

ಇಂತಿ,
ಕುಸ್ತಿ ಮತ್ತು ಎಂಎಂಎ ಆಸಕ್ತ ಓದುಗರು
ಮೈಸೂರು